ಎರಡು ಹನಿ ಸಾಕ್ಷಿ

ಕಾಸ್ಟಿಕ್ ಸೋಡಾವನ್ನು ಸರಿಯಾಗಿ ತೂಗಿದವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಬೇಕಾದರೆ ಪರೀಕ್ಷಿಸಿ. ಡಬ್ಬಿಯ ಮುಚ್ಚಳ ತೆಗೆದು ಆ ಬಿಳಿಯ ಬಿಲ್ಲೆಗಳನ್ನು ತಕ್ಕಡಿಗೆ ಸುರಿಯಿರಿ. ನಾಲ್ಕು ಗ್ರಾಂ ಎಂದು ಅಂಕಿ ಮೂಡುತ್ತದೆ. ಸಮಾಧಾನದಿಂದ ಪುಸ್ತಕದಲ್ಲಿ ಬರೆದುಕೊಂಡು ತಲೆ ಎತ್ತುವಷ್ಟರಲ್ಲಿ ಕೊನೆಯ ಅಂಕಿ ಮೇಲೇರಿರುತ್ತದೆ. ಯಾರೂ ಏನೂ ಹಾಕಿಲ್ಲ, ಫ್ಯಾನೂ ಓಡುತ್ತಿಲ್ಲ. ಬಗ್ಗಿ ನೋಡಿದರೆ ಬಿಲ್ಲೆಗಳ ಮೈಯೆಲ್ಲ ಬೆವರು. ಆಷಾಢದ ಮಳೆ ಹಿಡಿದಿದ್ದರಂತೂ ಕೇಳುವುದೇ ಬೇಡ, ಒಂದಕ್ಕೊಂದು ಅಂಟಿಕೊಂಡು ಜಾರತೊಡಗುತ್ತವೆ. ಗಾಳಿಯಲ್ಲಿ ತೇವ ಕಂಡರೆ ಎಳೆದುಕೊಳ್ಳುವುದು ಅದರ ಜಾಯಮಾನ. ಅಷ್ಟು ಸಾಲದೆಂದು ಗಾಳಿಯ ಕಾರ್ಬನ್ ಡೈಆಕ್ಸೈಡನ್ನೂ ಹೀರಿಕೊಂಡು, ತನ್ನಲ್ಲಿ ಒಂದಂಶವನ್ನು ಸದ್ದಿಲ್ಲದೆ ಸೋಡಿಯಂ ಕಾರ್ಬೊನೇಟ್ ಮಾಡಿಕೊಂಡಿರುತ್ತದೆ. ಹಾಗಾಗಿ ನೀವು ತೂಗಿದ್ದು ಸ್ವಲ್ಪ ಸೋಡಾ, ಸ್ವಲ್ಪ ಮಳೆಗಾಲ, ಜೊತೆಗೆ ಬಗ್ಗಿ ನೋಡುವಾಗ ನೀವೇ ಬಿಟ್ಟ ಉಸಿರಿನ ಒಂದಿಷ್ಟು ಪಾಲು.

ಪುಸ್ತಕದ ಲೆಕ್ಕ ಮಾತ್ರ ಬಲು ಸುಲಭ. ನಾಲ್ಕು ಗ್ರಾಂ ಸೋಡಾವನ್ನು ಕರಗಿಸಿ ಒಂದು ಲೀಟರ್ ಮಾಡಿದರೆ 0.1 ಮೋಲಾರ್ ದ್ರಾವಣ. ಬಾಟಲಿಗೆ ಹಾಗೆಂದೇ ಚೀಟಿ ಅಂಟಿಸುತ್ತಾರೆ. ಚೀಟಿ ಹೇಳುವುದು ಒಂದು, ಒಳಗಿರುವುದು ಇನ್ನೊಂದು. ಇಂಥ ಮಾತುಗಾರನ ನಿಜವಾದ ಬಲ ಎಷ್ಟೆಂದು ತಿಳಿಯಬೇಕಾದರೆ ಅವನನ್ನೇ ಕೇಳಿ ಪ್ರಯೋಜನವಿಲ್ಲ, ಅವನ ಎದುರಾಳಿಯನ್ನು ಕೇಳಬೇಕು. ಕ್ಷಾರಕ್ಕೆ ಎದುರಾಳಿ ಆಮ್ಲ. ಎಷ್ಟು ಆಮ್ಲ ಸುರಿದರೆ ಈ ಕ್ಷಾರದ ಹಾರಾಟ ಪೂರ್ತಿ ಅಡಗುತ್ತದೆ ಎಂದು ಅಳೆದುಬಿಟ್ಟರೆ ಕ್ಷಾರ ಎಷ್ಟಿತ್ತೆಂದು ತಾನಾಗಿಯೇ ಗೊತ್ತಾಗುತ್ತದೆ. ಟೈಟ್ರೇಷನ್ ಎಂದರೆ ಇಷ್ಟೇ. ಕನ್ನಡದ ಪಠ್ಯಪುಸ್ತಕ ಅದಕ್ಕೆ ಅನುಮಾಪನ ಎಂಬ ಗಂಭೀರ ಹೆಸರಿಟ್ಟಿದೆ. ನಮ್ಮ ಪಿಯುಸಿ ಲ್ಯಾಬಿನಲ್ಲಿ ಆ ಹೆಸರು ಹೇಳಿದವರನ್ನು ನಾನಂತೂ ಕಾಣೆ.

ಆದರೆ ಎದುರಾಳಿಯ ಮಾತನ್ನಾದರೂ ನಂಬುವುದು ಹೇಗೆ? ಅದಕ್ಕಾಗಿಯೇ ಆಕ್ಸಾಲಿಕ್ ಆಮ್ಲ ಇದೆ. ರಸಾಯನಶಾಸ್ತ್ರದಲ್ಲಿ ಸಭ್ಯ ಗೃಹಸ್ಥ ಎಂದು ಯಾರನ್ನಾದರೂ ಕರೆಯುವುದಾದರೆ ಇದನ್ನೇ. ಎರಡು ಅಣು ನೀರನ್ನು ಒಳಗೇ ಕಟ್ಟಿಕೊಂಡ ಹರಳು. ತಕ್ಕಡಿಯ ಮೇಲೆ ಇಟ್ಟರೆ ಇಟ್ಟಂತೆ ಇರುತ್ತದೆ, ಬೆವರುವುದಿಲ್ಲ, ಹಿಗ್ಗುವುದಿಲ್ಲ. ಒಂದು ಮೋಲ್ 126 ಗ್ರಾಂ. 6.3 ಗ್ರಾಂ ತೂಗಿ ಒಂದು ಲೀಟರ್ ಮಾಡಿದರೆ 0.05 ಮೋಲಾರ್ ಎಂದು ಎದೆ ತಟ್ಟಿ ಹೇಳಬಹುದು. ಈಗ 20 ಮಿಲಿ ಸೋಡಾ ದ್ರಾವಣವನ್ನು ಅಡಗಿಸಲು ಈ ಆಮ್ಲ 21.2 ಮಿಲಿ ಖರ್ಚಾಯಿತು ಎನ್ನಿ. ಒಂದು ಆಕ್ಸಾಲಿಕ್ ಆಮ್ಲ ಎರಡು ಸೋಡಾಗಳನ್ನು ಸಂಭಾಳಿಸುತ್ತದೆ. ಆದ್ದರಿಂದ 0.05ನ್ನು 21.2ರಿಂದ ಗುಣಿಸಿ, ಎರಡರಿಂದ ಗುಣಿಸಿ, 20ರಿಂದ ಭಾಗಿಸಿದರೆ ಸೋಡಾದ ಸಾರತೆ 0.106 ಮೋಲಾರ್. ಲೀಟರಿಗೆ 4.24 ಗ್ರಾಂ. ಚೀಟಿ ಬರೆದವರು ಮಳೆಗಾಲದ ಭಯಕ್ಕೆ ಒಂದು ಬಿಲ್ಲೆ ಹೆಚ್ಚಿಗೇ ಹಾಕಿದ್ದರು ಎಂಬುದು ಇದರಿಂದ ಹೊರಬೀಳುತ್ತದೆ.

ಈ ವಿದ್ಯೆ ಜ್ಞಾನದಾಹದಿಂದ ಹುಟ್ಟಿತೆಂದು ಯಾರಾದರೂ ಹೇಳಿದರೆ ನಂಬಬೇಡಿ. ಇದು ಹುಟ್ಟಿದ್ದು ವ್ಯಾಪಾರಿಗಳ ಮೇಲಿನ ಅನುಮಾನದಿಂದ. ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ನಾರುಬಟ್ಟೆಯನ್ನು ಬಿಳಿ ಮಾಡುವವರಿಗೆ ಬೂದಿಯಿಂದ ತೆಗೆದ ಕ್ಷಾರ ಬೇಕಿತ್ತು. ಅದು ಪರದೇಶಗಳಿಂದ ಪೀಪಾಯಿಗಳಲ್ಲಿ ಬರುತ್ತಿತ್ತು. ಪೀಪಾಯಿಯೊಳಗೆ ಕ್ಷಾರವೆಷ್ಟು, ಬರೀ ಬೂದಿಯೆಷ್ಟು ಎಂದು ಬ್ರಹ್ಮನಿಗೇ ಗೊತ್ತು. ಎಡಿನ್‌ಬರೋದ ವೈದ್ಯ ಫ್ರಾನ್ಸಿಸ್ ಹೋಮ್ 1756ರಲ್ಲಿ ಇದಕ್ಕೊಂದು ಉಪಾಯ ಬರೆದಿಟ್ಟ: ಕ್ಷಾರಕ್ಕೆ ನೀರು ಬೆರೆಸಿದ ನೈಟ್ರಿಕ್ ಆಮ್ಲವನ್ನು ಟೀ ಚಮಚದಲ್ಲಿ ಹಾಕುತ್ತ ಹೋಗಿ, ನೊರೆ ಉಕ್ಕುವುದು ನಿಂತಾಗ ಎಷ್ಟು ಚಮಚವಾಯಿತೆಂದು ಎಣಿಸಿ. ಹೆಚ್ಚು ಚಮಚ ಕುಡಿದ ಬೂದಿಗೆ ಹೆಚ್ಚು ಬೆಲೆ. 1767ರಲ್ಲಿ ಇಂಗ್ಲೆಂಡಿನ ವಿಲಿಯಂ ಲೂಯಿಸ್, ಅಮೆರಿಕದಿಂದ ಬರುವ ಪೊಟ್ಯಾಷನ್ನು ಪರೀಕ್ಷಿಸುವಾಗ ನೊರೆಯನ್ನು ಬಿಟ್ಟು ಲಿಟ್ಮಸ್ ಬಣ್ಣವನ್ನು ನೆಚ್ಚಿಕೊಂಡ. ಫ್ರಾನ್ಸಿನ ರೂಆನ್‌ನಲ್ಲಿ ದೆಕ್ರೊಯ್ಸಿಲ್ ಎಂಬಾತ ಗೀಟು ಹಾಕಿದ ಗಾಜಿನ ಕೊಳವೆ ಮಾಡಿ ಚಮಚಕ್ಕೆ ರಜೆ ಕೊಟ್ಟ. ಜರ್ಮನಿಯ ಕಾರ್ಲ್ ಫ್ರೆಡ್ರಿಕ್ ಮೋರ್ 1855ರಲ್ಲಿ ಈ ವಿದ್ಯೆಗೆಂದೇ ದೊಡ್ಡ ಪಠ್ಯಪುಸ್ತಕ ಬರೆದ. ಆ ಗೀಟಿನ ಕೊಳವೆಯ ಬಾಲಕ್ಕೆ ರಬ್ಬರ್ ನಳಿಕೆ ಸಿಕ್ಕಿಸಿ, ಅದಕ್ಕೊಂದು ಚಿಮುಟ ಹಾಕಿ ಹನಿಹನಿಯಾಗಿ ಬಿಡುವ ಹಾಗೆ ಮಾಡಿದವನೂ ಅವನೇ. ನಮ್ಮ ಅಗಸರು ಚೌಳು ಮಣ್ಣನ್ನು ನಾಲಿಗೆಯ ತುದಿಗಿಟ್ಟು ಬೆಲೆ ಕಟ್ಟುತ್ತಿದ್ದರೆಂದು ನಮ್ಮಜ್ಜಿ ಹೇಳುತ್ತಿದ್ದಳು. ಅವರಿಗೆ ಮೋರ್‌ನ ಪುಸ್ತಕ ಬೇಕಿರಲಿಲ್ಲ, ಆದರೆ ನಾಲಿಗೆಯ ಮಾತನ್ನು ಇನ್ನೊಬ್ಬರ ಮುಂದೆ ರುಜುವಾತು ಮಾಡುವುದು ಕಷ್ಟ.

ಲ್ಯಾಬಿನಲ್ಲಿ ಬ್ಯುರೆಟ್ ಎಂಬ ಉದ್ದನೆಯ ಕೊಳವೆಗೆ ಸ್ಟ್ಯಾಂಡಿನ ಆಸರೆ ಕೊಟ್ಟು ನಿಲ್ಲಿಸುತ್ತಾರಲ್ಲ, ಅದರ ಮಡಿ ಮೈಲಿಗೆ ಯಾವ ಮಠಕ್ಕೂ ಕಡಿಮೆಯಿಲ್ಲ. ಬ್ಯುರೆಟ್ಟನ್ನು ನೀರಿನಲ್ಲಿ ತೊಳೆದರೆ ಸಾಲದು, ಅದರೊಳಗೆ ಹಾಕುವ ಆಮ್ಲದಿಂದಲೇ ಇನ್ನೊಮ್ಮೆ ತೊಳೆಯಬೇಕು. ಸೋಡಾವನ್ನು ಅಳೆದು ಹಾಕುವ ಪಿಪೆಟ್ಟಿಗೂ ಹಾಗೆಯೇ, ಸೋಡಾದಿಂದ. ಕೋನಿಕಲ್ ಫ್ಲಾಸ್ಕಿಗೆ ಮಾತ್ರ ಬರೀ ನೀರು. ಅದನ್ನು ಸೋಡಾದಿಂದ ತೊಳೆದಿರೋ, ಗೋಡೆಗೆ ಅಂಟಿದ ಸೋಡಾವೂ ಲೆಕ್ಕಕ್ಕೆ ಸೇರಿ ಕೆಟ್ಟಿತು. ಯಾಕೆ ಒಂದಕ್ಕೆ ಆ ನ್ಯಾಯ, ಇನ್ನೊಂದಕ್ಕೆ ಈ ನ್ಯಾಯ ಎಂಬುದು ವೈವಾದ ಖಾಯಂ ಪ್ರಶ್ನೆ. ಆಮ್ಲವನ್ನೇ ಬ್ಯುರೆಟ್ಟಿಗೆ ಯಾಕೆ ಹಾಕಬೇಕು ಎಂಬುದು ಅದರ ತಮ್ಮ. ಸೋಡಾ ಗಾಜನ್ನು ಮೆಲ್ಲಗೆ ತಿನ್ನುತ್ತದೆ. ಗಾಜಿನ ತಿರುಪಿನ ಬ್ಯುರೆಟ್ಟಿನಲ್ಲಿ ಅದನ್ನು ರಾತ್ರಿಯಿಡೀ ಬಿಟ್ಟರೆ ಬೆಳಿಗ್ಗೆ ತಿರುಪು ಕಚ್ಚಿಕೊಂಡಿರುತ್ತದೆ, ಆಮೇಲೆ ಯಾವ ಪೈಲ್ವಾನ ಬಂದರೂ ಬಿಡುವುದಿಲ್ಲ.

ಇನ್ನು ಮಟ್ಟ ಓದುವ ಸಂಭ್ರಮ. ಕೊಳವೆಯೊಳಗೆ ನೀರಿನ ಮೇಲ್ಮೈ ಮಧ್ಯದಲ್ಲಿ ತಗ್ಗಾಗಿರುತ್ತದೆ. ಆ ತಗ್ಗಿನ ತಳವನ್ನು, ಕಣ್ಣನ್ನು ಅದರ ನೇರಕ್ಕೆ ತಂದು ಓದಬೇಕು. ಬ್ಯುರೆಟ್ಟಿನ ಸೊನ್ನೆ ಮೇಲ್ಗಡೆ ಇರುವುದರಿಂದ ಕುಳ್ಳಗಿರುವವರು ಸ್ಟೂಲು ಹತ್ತಬೇಕು. ಕ್ಷಾರ ಅಡಗುವ ಅಂತಿಮ ಬಿಂದುವಿನ ಹೊತ್ತಿಗೆ ಮಟ್ಟ ಕೆಳಗಿಳಿದಿರುತ್ತದೆ, ಆಗ ಉದ್ದಗಿರುವವರು ಮಂಡಿಯೂರಬೇಕು. ಮೊದಲ ಬಾರಿಗೆ ಕೆಮಿಸ್ಟ್ರಿ ಲ್ಯಾಬನ್ನು ಕಿಟಕಿಯಿಂದ ಇಣುಕಿದ ನಮ್ಮೂರಿನ ಪೋಸ್ಟ್‌ಮ್ಯಾನ್, ಹುಡುಗರೆಲ್ಲ ಒಂದೊಂದು ಗಾಜಿನ ಕಡ್ಡಿಯ ಮುಂದೆ ಮಂಡಿಯೂರಿ ಕೂತದ್ದು ನೋಡಿ ಒಳಗೆ ಏನೋ ಪೂಜೆ ನಡೆದಿದೆ ಎಂದು ಚಪ್ಪಲಿ ಬಿಟ್ಟು ನಿಂತಿದ್ದನಂತೆ.

ಒಂದೇ ಸಲ ಅಳೆದರೆ ಶಾಸ್ತ್ರ ಒಪ್ಪುವುದಿಲ್ಲ. ಮೊದಲಿನದು ರಫ್, ಅದು ಊರಿನ ದಾರಿ ಕೇಳಿದ ಹಾಗೆ ಅಂದಾಜಿಗೆ ಮಾತ್ರ. ಆಮೇಲೆ ಕನಿಷ್ಠ ಎರಡು ಸಲ 0.1 ಮಿಲಿಯ ಆಸುಪಾಸಿನಲ್ಲಿ ಒಂದೇ ಉತ್ತರ ಬರಬೇಕು. ಅದಕ್ಕೆ ಕನ್‌ಕಾರ್ಡೆಂಟ್ ಎಂದು ಹೆಸರು. ಮನುಷ್ಯ ತನ್ನ ಮಾತಿಗೆ ತಾನೇ ಎರಡನೆಯ ಸಲ ಬದ್ಧನಾಗಿರುವುದು ಎಷ್ಟು ಕಷ್ಟವೆಂದು ಆಗ ತಿಳಿಯುತ್ತದೆ. ಈ ಕಷ್ಟವನ್ನು ನಿವಾರಿಸಲು ನಮ್ಮ ವಿದ್ಯಾರ್ಥಿ ಸಮುದಾಯ ಕಂಡುಕೊಂಡ ದಾರಿಯೇ ಬೇರೆ: ಉತ್ತರದಿಂದ ಹಿಂದಕ್ಕೆ ನಡೆಯುವುದು. ಲ್ಯಾಬಿನ ಅಟೆಂಡರಿಗೆ ದ್ರಾವಣ ಮಾಡಿದವನು ತಾನೇ ಆದ್ದರಿಂದ ಸತ್ಯ ಗೊತ್ತು. ಪರೀಕ್ಷೆಯ ದಿನ ಆತ ಬೆಂಚುಗಳ ನಡುವೆ ಒರೆಸುವ ಬಟ್ಟೆ ಹಿಡಿದು ಓಡಾಡುತ್ತ ಒಂದು ಸಂಖ್ಯೆಯನ್ನು ಗಾಳಿಗೆ ಬಿಡುತ್ತಾನೆ. ಅದು ಎಲ್ಲರ ಕಿವಿಗೂ ತಲುಪುತ್ತದೆ.

ನಮ್ಮ ಬ್ಯಾಚಿನ ಪರೀಕ್ಷೆಯಲ್ಲಿ ಆ ಸಂಖ್ಯೆ 21.2. ಇಡೀ ತರಗತಿ 21.2 ಎಂದೇ ಬರೆಯಿತು. ಚಾಣಾಕ್ಷರು ಅನುಮಾನ ಬಾರದಿರಲೆಂದು 21.1, 21.3 ಎಂದು ಅತ್ತಿತ್ತ ಸರಿಸಿದರು. ಬೆಳಗಿನ ಬ್ಯಾಚಿಗೆ ಸೋಡಾ ಮುಗಿದು, ಮಧ್ಯಾಹ್ನಕ್ಕೆ ಇನ್ನೊಂದು ಡಬ್ಬಿ ಒಡೆದು ಹೊಸದಾಗಿ ಕಲಸಿದ್ದು ಅಟೆಂಡರಿಗೆ ಮರೆತೇ ಹೋಗಿತ್ತು. ನಿಜವಾದ ಉತ್ತರ 18.6. ಮೂಲೆಯ ಬೆಂಚಿನಲ್ಲಿ ಕಿವಿ ಸ್ವಲ್ಪ ಮಂದವಿದ್ದ ಒಬ್ಬ ಹುಡುಗ ಮಾತ್ರ 18.6 ಬರೆದು, ಸುತ್ತಲಿನವರ ಪುಸ್ತಕ ಕಂಡು, ಅಳುಮೋರೆ ಹಾಕಿಕೊಂಡು ಕೂತಿದ್ದ. ಬೇರೆ ಊರಿನಿಂದ ಬಂದ ಎಕ್ಸ್‌ಟರ್ನಲ್ ಮೇಷ್ಟರು ಉತ್ತರಪತ್ರಿಕೆಗಳನ್ನು ಒಂದೊಂದಾಗಿ ತಿರುವಿ, ಕನ್ನಡಕ ತೆಗೆದು, ನಮ್ಮ ಲೆಕ್ಚರರ ಕಡೆ ತಿರುಗಿ, “ಏನ್ರೀ ಒಗ್ಗಟ್ಟು! ಈ ಹುಡುಗರು ಒಂದು ಪಕ್ಷ ಕಟ್ಟಿದರೆ ಸರ್ಕಾರ ಬೀಳೋದೇ ಇಲ್ಲ” ಎಂದರು. ವ್ಯಾಪಾರಿಯ ಚೀಟಿಯನ್ನು ನಂಬದವರು ಕಟ್ಟಿ ಬೆಳೆಸಿದ ವಿದ್ಯೆ, ಇನ್ನೊಬ್ಬರ ಪಿಸುಮಾತನ್ನು ಕಣ್ಣು ಮುಚ್ಚಿ ನಂಬುವವರ ಕೈಗೆ ಬಂದು ಮುಟ್ಟಿತ್ತು.

ಇಷ್ಟಕ್ಕೂ ಕ್ಷಾರ ಅಡಗಿತೆಂದು ಹೇಳುವವರು ಯಾರು? ಸೋಡಾವೂ ನೀರಿನಷ್ಟೇ ತಿಳಿ, ಆಮ್ಲವೂ ತಿಳಿ, ಎರಡೂ ಸೇರಿ ಹುಟ್ಟುವ ಲವಣದ ನೀರೂ ತಿಳಿ. ಅದಕ್ಕೇ ಎರಡು ಹನಿ ಫಿನಾಫ್ತಲೀನ್. ಹಳ್ಳಿಯ ಪಂಚಾಯಿತಿಕಟ್ಟೆಯಲ್ಲಿ ಎರಡೂ ಕಡೆಯವರಲ್ಲದ ಒಬ್ಬ ಸಾಕ್ಷಿಯನ್ನು ಕೂರಿಸುತ್ತಾರಲ್ಲ, ಹಾಗೆ. ಕ್ಷಾರದ ಕೈ ಮೇಲಿರುವವರೆಗೆ ಅದು ಗುಲಾಬಿ ಬಣ್ಣ ಹೊತ್ತು ನಿಂತಿರುತ್ತದೆ. ಕ್ಷಾರ ಸೋತ ಹನಿಗೆ ಬಣ್ಣ ಕಳಚಿ ಎದ್ದು ಹೋಗುತ್ತದೆ. ಫ್ಲಾಸ್ಕಿನ ಕೆಳಗೆ ಬಿಳಿ ಟೈಲ್ಸ್ ಇಟ್ಟು ನೋಡಿದರೆ ಕೊನೆಯ ಗಳಿಗೆ ಚೆನ್ನಾಗಿ ಕಾಣುತ್ತದೆ: ಆಮ್ಲದ ಹನಿ ಬಿದ್ದ ಜಾಗದಲ್ಲಿ ಬಣ್ಣಕ್ಕೆ ಒಂದು ತೂತು, ಫ್ಲಾಸ್ಕನ್ನು ಅಲುಗಿಸಿದರೆ ತೂತು ಮುಚ್ಚಿಕೊಳ್ಳುತ್ತದೆ, ಮುಂದಿನ ಹನಿಗೆ ಮುಚ್ಚಲು ತಡ, ಅದರ ಮುಂದಿನ ಹನಿಗೆ ಮುಚ್ಚುವುದೇ ಇಲ್ಲ. ಸಾಕ್ಷಿಯನ್ನು ಎರಡೇ ಹನಿಗೆ ಮಿತಿಗೊಳಿಸಲೂ ಕಾರಣವಿದೆ. ಫಿನಾಫ್ತಲೀನ್ ಸ್ವತಃ ಒಂದು ದುರ್ಬಲ ಆಮ್ಲ. ಬಣ್ಣ ಚೆನ್ನಾಗಿ ಕಾಣಲೆಂದು ಧಾರಾಳವಾಗಿ ಸುರಿದರೆ, ಸಾಕ್ಷಿಯೇ ಜಗಳಕ್ಕಿಳಿದು ತನ್ನ ಪಾಲಿನ ಕ್ಷಾರವನ್ನು ತಿಂದುಹಾಕುತ್ತಾನೆ.

ಇಂಥ ಸಾಕ್ಷಿಗಳು ನಮ್ಮ ಮನೆಗಳಲ್ಲಿ ಮೊದಲಿನಿಂದಲೂ ಇದ್ದಾರೆ. ಮದುಮಕ್ಕಳಿಗೆ ಆರತಿ ಎತ್ತುವಾಗ ತಟ್ಟೆಯ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಕದಡಿದರೆ ಓಕುಳಿ ಕೆಂಪಾಗುವುದು ಇದೇ ಕಾರಣಕ್ಕೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿಗೆ ಬರುತ್ತದೆ. ಆದರೆ ಮುಹೂರ್ತದ ಹೊತ್ತಿನಲ್ಲಿ ಈ ಪ್ರಯೋಗಕ್ಕೆ ಕೈಹಾಕಿದವರಿಗೆ ಊಟದ ಪಂಕ್ತಿಯಲ್ಲಿ ಜಾಗ ಸಿಗುವುದು ಕಷ್ಟ. ಸಾರು ಚೆಲ್ಲಿಕೊಂಡ ಬಿಳಿ ಪಂಚೆಗೆ ಸೋಪು ಹಚ್ಚಿದೊಡನೆ ಹಳದಿ ಕಲೆ ರಕ್ತದ ಕಲೆಯಾಗಿ ಮನೆಯವರನ್ನು ಗಾಬರಿಪಡಿಸುವುದೂ ಅದೇ ಅರಿಶಿನ. ಸೋಪು ಕ್ಷಾರ ಎಂದು ಅದು ಕಿರುಚಿ ಹೇಳುತ್ತದೆ, ಎಷ್ಟು ಕ್ಷಾರ ಎಂದು ಕೇಳಿದರೆ ಸುಮ್ಮನಾಗುತ್ತದೆ. ಬಣ್ಣಕ್ಕೆ ಗೊತ್ತಿರುವುದು ಹೌದು, ಇಲ್ಲ ಎರಡೇ. ಎಷ್ಟು ಎಂಬುದನ್ನು ಬ್ಯುರೆಟ್ಟಿನ ಗೀಟೇ ಹೇಳಬೇಕು.

ಫಿನಾಫ್ತಲೀನಿನ ಜಾತಕವೂ ಸ್ವಾರಸ್ಯವಾಗಿದೆ. ಜರ್ಮನಿಯ ಅಡಾಲ್ಫ್ ಫಾನ್ ಬೇಯರ್ 1871ರಲ್ಲಿ ಅದನ್ನು ತಯಾರಿಸಿದ. ಇಪ್ಪತ್ತನೆಯ ಶತಮಾನದ ಶುರುವಿನಲ್ಲಿ ಹಂಗೇರಿಯಲ್ಲಿ ಕೃತಕ ವೈನನ್ನು ಪತ್ತೆಹಚ್ಚಲು ಅದಕ್ಕೆ ಫಿನಾಫ್ತಲೀನ್ ಗುರುತು ಬೆರೆಸುವ ಯೋಚನೆ ಬಂತು. ಅದರ ಪರಿಣಾಮ ಪರೀಕ್ಷಿಸುವಾಗ, ಒಳಗೆ ಹೋದ ಫಿನಾಫ್ತಲೀನ್ ಹೊಟ್ಟೆಯನ್ನು ಜಾಲಾಡಿಸುತ್ತದೆ ಎಂಬುದು ಬೆಳಕಿಗೆ ಬಂತು. ಅಲ್ಲಿಂದ ಮುಂದೆ ದಶಕಗಳ ಕಾಲ ಅದು ಭೇದಿ ಔಷಧಿಯಾಗಿ ಮಾರಾಟವಾಯಿತು. ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಕ್ಯಾನ್ಸರಿನ ಶಂಕೆ ಎದ್ದಮೇಲೆ 1990ರ ದಶಕದ ಕೊನೆಗೆ ಅಮೆರಿಕದ ಅಂಗಡಿಗಳಿಂದ ಮಾಯವಾಯಿತು. ನಮ್ಮ ರಾಜ್ಯದಲ್ಲಿ ಅದಕ್ಕೆ ಇನ್ನೂ ಗೌರವದ ಉದ್ಯೋಗವಿದೆ. ಲೋಕಾಯುಕ್ತ ಪೊಲೀಸರು ಲಂಚದ ಬಲೆ ಬೀಸುವಾಗ ನೋಟುಗಳಿಗೆ ಸವರುವ ಬಿಳಿ ಪುಡಿ ಇದೇ. ನೋಟು ಮುಟ್ಟಿದ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿದರೆ ನೀರು ಗುಲಾಬಿಗೆ ತಿರುಗುತ್ತದೆ. ಪಂಚರ ಮುಂದೆ ಆ ನೀರನ್ನು ಬಾಟಲಿಗೆ ತುಂಬಿ ಮೊಹರು ಮಾಡುತ್ತಾರೆ. ಅಲ್ಲಿಯೂ ಅದು ಎಷ್ಟು ತಿಂದರೆಂದು ಹೇಳುವುದಿಲ್ಲ. ಮುಟ್ಟಿದ್ದುಂಟು ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ.

ಬಣ್ಣವನ್ನು ತೋರಿಸಿ ಬದುಕುವವರು ಬೇರೆಯೂ ಇದ್ದಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ತರುಣ ನಮ್ಮ ಬೆಂಗಳೂರಿನ ಮನೆಗೆ ನೀರಿನ ಫಿಲ್ಟರ್ ಮಾರಲು ಬಂದ. ಟೈ ಕಟ್ಟಿದ್ದ, ಬೆವರಿದ್ದ. ನಮ್ಮದು ಬೋರ್‌ವೆಲ್ ನೀರು, ಅನ್ನ ಮಾಡಿದರೆ ಒಂದು ಬಗೆಯ ಹಳದಿ ಹೊಡೆಯುತ್ತದೆ; ಹಾಗಾಗಿ ಅನುಮಾನ ನನಗೂ ಇತ್ತು. ಆತ ಎರಡು ಲೋಟ ಕೇಳಿದ. ಒಂದಕ್ಕೆ ನಮ್ಮ ನಲ್ಲಿಯ ನೀರು, ಇನ್ನೊಂದಕ್ಕೆ ತನ್ನ ಬಾಟಲಿಯ ಆರ್‌ಓ ನೀರು ಹಾಕಿದ. ಲೋಹದ ಕಡ್ಡಿಗಳಿದ್ದ ಒಂದು ಯಂತ್ರವನ್ನು ಎರಡಕ್ಕೂ ಇಳಿಬಿಟ್ಟು ಸ್ವಿಚ್ ಒತ್ತಿದ. ನೋಡನೋಡುತ್ತ ನಮ್ಮ ಲೋಟ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಹಸಿರುಗಪ್ಪು ಕೆಸರು ತೇಲಿತು. ಅವನ ಲೋಟ ತಿಳಿಯಾಗಿಯೇ ಇತ್ತು. “ಇದನ್ನೇ ಮೇಡಂ ನೀವು ದಿನಾ ಕುಡೀತಿರೋದು” ಎಂದ, ಸಾವಿನ ಮನೆಗೆ ಬಂದವರ ದನಿಯಲ್ಲಿ.

ಒಳಗಿನಿಂದ ನನ್ನ ತಂಗಿಯ ಮಗಳು ಬಂದಳು. ಬಿ.ಎಸ್ಸಿ. ಓದುತ್ತಾಳೆ, ರಜೆಗೆ ನಮ್ಮಲ್ಲಿಗೆ ಬಂದಿದ್ದಳು. “ದೊಡ್ಡಮ್ಮಾ, ಅದು ನಮ್ಮ ನೀರಿನ ಕೆಸರಲ್ಲ, ಅವರ ಕಡ್ಡಿಯ ಕಬ್ಬಿಣ” ಎಂದಳು. ನಮ್ಮ ನೀರಿನಲ್ಲಿ ಲವಣ ಇರುವುದರಿಂದ ವಿದ್ಯುತ್ ಹರಿಯುತ್ತದೆ, ಹರಿದಾಗ ಕಡ್ಡಿ ಕರಗುತ್ತದೆ. ಆರ್‌ಓ ನೀರಿನಲ್ಲಿ ಲವಣ ಇಲ್ಲದಷ್ಟು ಕಡಿಮೆ, ಕರೆಂಟು ಅಷ್ಟಾಗಿ ಹರಿಯುವುದೇ ಇಲ್ಲ. ತರುಣ ನಕ್ಕು, “ಕಣ್ಣಿಗೆ ಕಾಣ್ತಿದೆಯಲ್ಲ ಮೇಡಂ” ಎಂದ. ಅವಳು ವಾದ ಮಾಡಲಿಲ್ಲ. ಒಂದು ವಾರ ಬಿಟ್ಟು ಬನ್ನಿ ಎಂದು ಕಳಿಸಿ, ಒಂದು ಬಾಟಲಿ ನೀರನ್ನು ಕಾಲೇಜಿಗೆ ಹೊತ್ತೊಯ್ದಳು.

ಅಲ್ಲಿ ಆಗಿದ್ದು ಇಷ್ಟು. ನಮ್ಮ ನೀರನ್ನು 100 ಮಿಲಿ ತೆಗೆದು ಫಿನಾಫ್ತಲೀನ್ ಹಾಕಿದಳು. ಬಣ್ಣ ಬರಲೇ ಇಲ್ಲ. ಅಂದರೆ ಅದರಲ್ಲಿ ಕಟುವಾದ ಕ್ಷಾರ ಇಲ್ಲ, ಕಾರ್ಬೊನೇಟೂ ಇಲ್ಲ. ಇರುವುದು ಸೌಮ್ಯವಾದ ಬೈಕಾರ್ಬೊನೇಟ್. ಅದರ ಸಾಕ್ಷಿಗೆ ಮೀಥೈಲ್ ಆರೆಂಜ್ ಬೇಕು. ಅದನ್ನು ಹಾಕಿದಾಗ ನೀರು ಹಳದಿಯಾಯಿತು. ಬ್ಯುರೆಟ್ಟಿನಿಂದ 0.02 ನಾರ್ಮಲ್ ಸಲ್ಫ್ಯೂರಿಕ್ ಆಮ್ಲ ಬಿಟ್ಟು ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ನಿಲ್ಲಿಸಿದಳು. 34 ಮಿಲಿ. ಮತ್ತೆ ಮಾಡಿದಳು, ಮತ್ತೂ 34. ಈ ಅಳತೆಯಲ್ಲಿ ಒಂದೊಂದು ಮಿಲಿಗೆ ಲೀಟರಿಗೆ 10 ಮಿಲಿಗ್ರಾಂ ಲೆಕ್ಕ. ಆದ್ದರಿಂದ ನಮ್ಮ ನೀರಿನ ಕ್ಷಾರೀಯತೆ ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 340. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವುದು 200. ಬೇರೆ ನೀರಿನ ಮೂಲವೇ ಇಲ್ಲದಿದ್ದರೆ 600ರವರೆಗೂ ಅಡ್ಡಿಯಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದೆ. “ಪಾಸಾ, ಫೇಲಾ?” ಎಂದು ಸೆಕ್ರೆಟರಿ ಕೇಳಿದರು. ಸೆಕೆಂಡ್ ಕ್ಲಾಸ್ ಎಂದು ಬರೆದೆ. ಗ್ರೇಸ್ ಮಾರ್ಕ್ಸ್ ಕೊಟ್ಟರೆ ಫಸ್ಟ್ ಕ್ಲಾಸ್ ಬರುತ್ತದೆಯೇ ಎಂದು ಮೂರನೆಯ ಮಹಡಿಯ ನಿವೃತ್ತ ಹೆಡ್‌ಮೇಷ್ಟರು ವಿಚಾರಿಸಿದರು.

ಅನುಮಾನಕ್ಕೆ ನನ್ನ ಅಡ್ಡಿಯೇನೂ ಇಲ್ಲ. ಹೋಮ್ ಸಾಹೇಬರ ಚಮಚ ಬಂದದ್ದು ಅನುಮಾನದಿಂದ, ಆ ಫಿಲ್ಟರ್ ಹುಡುಗ ಬದುಕುತ್ತಿರುವುದೂ ನಮ್ಮ ಅನುಮಾನದಿಂದಲೇ. ಒಬ್ಬರು ಅನುಮಾನಕ್ಕೆ ಅಳತೆ ಹಾಕಿ ಅದನ್ನು ಮುಗಿಸುತ್ತಾರೆ, ಇನ್ನೊಬ್ಬರು ಅದಕ್ಕೆ ಬಣ್ಣ ಹಾಕಿ ಬೆಳೆಸುತ್ತಾರೆ.

ವಾರದ ಮೇಲೆ ಆತ ಹೇಳಿದ ಹೊತ್ತಿಗೇ ಬಂದ. ನನ್ನ ತಂಗಿಯ ಮಗಳು ಅವನದೇ ಬಾಟಲಿಯ ನೀರನ್ನು ಲೋಟಕ್ಕೆ ಬಗ್ಗಿಸಿ, ಚಿಟಿಕೆ ಅಡುಗೆ ಉಪ್ಪು ಹಾಕಿ ಕದಡಿ, “ಈಗ ನಿಮ್ಮ ಕಡ್ಡಿ ಇಡಿ ಅಣ್ಣಾ” ಎಂದಳು. ಸ್ವಿಚ್ ಒತ್ತಿದ. ಅವನ ಶುದ್ಧ ನೀರು ನಮ್ಮದಕ್ಕಿಂತ ಬೇಗ ಕೆಸರಾಯಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ಟೈ ಸಡಿಲಿಸಿಕೊಂಡು, “ನಮಗೆ ಟ್ರೇನಿಂಗಲ್ಲಿ ಇದನ್ನ ಹೇಳಿಕೊಟ್ಟಿರಲಿಲ್ಲ” ಎಂದ. ಬಿಸಿಲಿನಲ್ಲಿ ಬಂದವನನ್ನು ಹಾಗೇ ಕಳಿಸುವುದುಂಟೇ, ಕಾಫಿ ಕೊಟ್ಟೆ. ಅರ್ಧ ಲೋಟ ಕುಡಿದು ಹುರುಪು ಬಂದವನೇ ಮೆಚ್ಚಿ ತಲೆದೂಗಿದ: “ಕಾಫಿ ಫಸ್ಟ್ ಕ್ಲಾಸ್ ಆಗಿದೆ ಮೇಡಂ. ಯಾವ ಕಂಪನಿ ಫಿಲ್ಟರ್ ನಿಮ್ಮದು?”